ಯಮಹಾ ವಿಎಲ್70-ಎಂ: ಊದುವವರು ಮಾತ್ರ ಕೊಳ್ಳಿ

ಕೀಬೋರ್ಡಿಗೆ ಜೋಡಿಸಿ ಸ್ಯಾಕ್ಸೋಫೋನ್ ವಾಯ್ಸ್ (ನಾದದ ಬಗೆ) ಒತ್ತಿ ನೋಡಿದರೆ, 1996ರ ಈ ಅರ್ಧ ರ‍್ಯಾಕ್ ಅಗಲದ ಸಿಂಥಸೈಜರ್ ಪೆಟ್ಟಿಗೆ ಸಪ್ಪೆ ಅನಿಸುತ್ತದೆ. ತಪ್ಪು ಪೆಟ್ಟಿಗೆಯದಲ್ಲ. ಇದರಲ್ಲಿ ರೆಕಾರ್ಡ್ ಮಾಡಿದ ಸ್ಯಾಂಪಲ್ ಇಲ್ಲ. ರೀಡು, ಕೊಳವೆ, ಗಾಳಿಯ ಒತ್ತಡ ಇವುಗಳ ಲೆಕ್ಕಾಚಾರದಿಂದಲೇ ನಾದ ಹುಟ್ಟುತ್ತದೆ. ಒತ್ತಡ ಸಾಲದಿದ್ದರೆ ರೀಡು ಮಾತಾಡುವುದೇ ಇಲ್ಲ. ಕೆಲವು ವಾಯ್ಸ್‌ಗಳಲ್ಲಿ ಮಿತಿಮೀರಿದರೆ ಸ್ವರ ಮೇಲಕ್ಕೆ ಹಾರುತ್ತದೆ. ಉಸಿರನ್ನು ವಾಲ್ಯೂಮ್ ಅಂದುಕೊಂಡವರು ಎಡವುವುದು ಇಲ್ಲೇ.

ಮೊದಲು ಬ್ರೆತ್ ಮೋಡ್, ಅಂದರೆ ಒತ್ತಡ ಎಲ್ಲಿಂದ ಬರಬೇಕೆಂಬ ಸೆಟ್ಟಿಂಗ್ ನೋಡಿ. 'ವೆಲಾಸಿಟಿ'ಯಲ್ಲಿದ್ದರೆ ಕೀಲಿ ಹೊಡೆದ ಬಲವೇ ಕೊನೆಯವರೆಗೂ ಒತ್ತಡ; ನಡುವೆ ಸ್ವರವನ್ನು ಉಬ್ಬಿಸಲಾಗದು. ಬ್ರೆತ್ ಕಂಟ್ರೋಲರ್ (ಬಾಯಲ್ಲಿಟ್ಟು ಊದಿದರೆ ಉಸಿರಿನ ಒತ್ತಡ ಅಳೆಯುವ ಸಾಧನ) ಸಿಕ್ಕಿಸಿ, 'ಬಿಸಿ/ಡಬ್ಲ್ಯುಎಕ್ಸ್'ಗೆ ಬದಲಿಸಿ. ಆಮೇಲೆ ಊದದಿದ್ದಾಗಿನ ಮಟ್ಟ, ಅಂದರೆ ಆಫ್‌ಸೆಟ್: ಕೀಲಿ ಹಿಡಿದೇ ಊದುವುದನ್ನು ನಿಲ್ಲಿಸಿ. ಸದ್ದು ಗುಂಯ್‌ಗುಡುತ್ತಿದ್ದರೆ ಆಫ್‌ಸೆಟ್ ಜಾಸ್ತಿ. ಕೆನ್ನೆ ಉಬ್ಬಿಸಿ ಊದಿದ ಮೇಲಷ್ಟೇ ಸ್ವರ ಶುರುವಾದರೆ ಕಡಿಮೆ. ಗೇನ್ (ಉಸಿರಿಗೆ ಕಂಟ್ರೋಲರ್ ಎಷ್ಟು ಸ್ಪಂದಿಸಬೇಕೆಂಬುದು) ಹೆಚ್ಚಿಸಿದರೆ ಅರ್ಧ ಉಸಿರಿಗೇ ಗರಿಷ್ಠ ಮೌಲ್ಯವಾದ 127 ಮುಟ್ಟುತ್ತದೆ, ಮೇಲೆ ಜಾಗವೇ ಉಳಿಯದು. ತುಂಬು ಉಸಿರಿಗೆ ಸರಿಯಾಗಿ 127 ಸಿಗಬೇಕು.

ಗಮಕ ನುಡಿಸುವವರಿಗೆ ಇನ್ನೊಂದು ಲೆಕ್ಕ. ಜಾರು ಗಮಕಕ್ಕೆಂದು ಪಿಚ್ ಬೆಂಡ್ (ಸ್ವರವನ್ನು ಬಾಗಿಸುವ) ವ್ಯಾಪ್ತಿಯನ್ನು ಎರಡೂ ಕಡೆ 12 ಅರ್ಧಸ್ವರಕ್ಕೆ ಏರಿಸುತ್ತೀರಿ. ನಿಮ್ಮ ಕಂಟ್ರೋಲರ್ ಬೆಂಡನ್ನು 7 ಬಿಟ್‌ನಲ್ಲೇ ಕಳಿಸುವಂಥದ್ದಾದರೆ 2400 ಸೆಂಟ್ಸ್ (ಅರ್ಧಸ್ವರದ ನೂರನೇ ಒಂದು ಭಾಗ ಒಂದು ಸೆಂಟ್) 128 ಮೆಟ್ಟಿಲುಗಳಲ್ಲಿ ಹಂಚಿಹೋಗಿ, ಒಂದೊಂದು ಮೆಟ್ಟಿಲು ಸುಮಾರು 19 ಸೆಂಟ್ಸ್ ಆಗುತ್ತದೆ. ಜಾರು ಏಣಿ ಇಳಿದಂತೆ ಕೇಳುತ್ತದೆ. ವ್ಯಾಪ್ತಿ 2ಕ್ಕೆ ಇಳಿಸಿದರೆ ಮೆಟ್ಟಿಲು 3 ಸೆಂಟ್ಸ್‌ನಷ್ಟು. ಸ್ವರ ನಡುಗಿಸುವ ಕಂಪಿತಕ್ಕೆ ಧಾರಾಳವಾಗಿ ಸಾಕು. 14 ಬಿಟ್ ಕಳಿಸುವ ಕಂಟ್ರೋಲರ್ ಇದ್ದರೆ ಈ ತಲೆನೋವಿಲ್ಲ.

ಸ್ವರ ತಡವಾಗಿ ಬರುತ್ತಿದೆಯೇ? ವಾದ್ಯಗಳನ್ನು ಜೋಡಿಸುವ ಮಿಡಿ ಕೇಬಲ್‌ನಲ್ಲಿ ಮೂರು ಬೈಟಿನ ಒಂದು ಸಂದೇಶಕ್ಕೆ ಹತ್ತಿರಹತ್ತಿರ 1 ಮಿಲಿಸೆಕೆಂಡ್ ಬೇಕು. ಒಂದೇ ಉಸಿರನ್ನು ಸಿಸಿ2 (ಉಸಿರು), ಸಿಸಿ11 (ಎಕ್ಸ್‌ಪ್ರೆಷನ್), ಆಫ್ಟರ್‌ಟಚ್ (ಕೀಲಿ ಒತ್ತಡ) ಎಂಬ ಮೂರು ಬಗೆಯ ಸಂದೇಶಗಳಲ್ಲೂ ಕಳಿಸಿದರೆ ದಾರಿ ಕಟ್ಟಿಕೊಳ್ಳುತ್ತದೆ. ಸಿಸಿ2 ಒಂದನ್ನೇ ಇಟ್ಟುಕೊಳ್ಳಿ.

ಒಮ್ಮೆಗೆ ಒಂದೇ ಸ್ವರ, ಅದು ಸರಿ; ಕೊಳಲಿಗೂ ಅಷ್ಟೇ ತಾನೆ. ಆಳವಾದ ಎಡಿಟಿಂಗ್‌ಗೆ ಹಳೆಯ ಕಂಪ್ಯೂಟರ್ ತಂತ್ರಾಂಶ ಹುಡುಕಬೇಕಾಗುವುದು ಮಾತ್ರ ನಿಜವಾದ ಕಿರಿಕಿರಿ. ಬ್ರೆತ್ ಕಂಟ್ರೋಲರ್‌ಗೆ ತುಟಿಯ ಬಿಗಿ ತಿಳಿಯದು. ಅದಕ್ಕೆ ಡಬ್ಲ್ಯುಎಕ್ಸ್5ನಂಥ ಊದುವ ಕಂಟ್ರೋಲರೇ ಬೇಕು. ಅದಿಲ್ಲದಿದ್ದರೆ ಎಂಬುಶರ್ (ತುಟಿಯ ಬಿಗಿ) ಅನ್ನು ಕಾಲಿನ ಪೆಡಲ್‌ಗೆ ಕೊಡಿ. ಗ್ರೌಲ್ (ಗುರುಗುಟ್ಟುವ ನಾದ) ಮಾಡ್ಯುಲೇಷನ್ ಚಕ್ರಕ್ಕಿರಲಿ.