1,18,000 ಕಿ.ಮೀ ಓಡಿದ ನನ್ನ ಪಿಕಪ್: ತಿರುಗಿಸಿದಾಗ ಬರ್ತಿದ್ದ ಕಟಕ್ ಶಬ್ದ ಎಲ್ಲಿಂದ ಅಂತ ಕೊನೆಗೂ ಸಿಕ್ತು

ಕೋಲಾರದ ಹತ್ರ ನಮ್ದು ಟೊಮೇಟೊ ತೋಟ. ಪಿಕಪ್ ತಗೊಂಡು ನಾಲ್ಕು ವರ್ಷ ಆಯ್ತು. ಡೀಸೆಲ್ ಗಾಡಿ, ಟೂ ವೀಲ್ ಡ್ರೈವ್, ಮುಂದೆ ಕಾಯಿಲ್ ಸ್ಪ್ರಿಂಗು, ಹಿಂದೆ ಪ್ಲೇಟು (ಪಟ್ಟಿ ಮೇಲೆ ಪಟ್ಟಿ ಜೋಡಿಸಿದ ಸ್ಪ್ರಿಂಗು). ಸೀಸನ್ನಲ್ಲಿ ದಿನಾ 15 ಕೆಜಿ ಬಾಕ್ಸು ಎಂಬತ್ತು ತುಂಬ್ಕೊಂಡು ಎಪಿಎಂಸಿಗೆ ಹೋಗುತ್ತೆ, ಅಂದ್ರೆ 1.2 ಟನ್ನು, ಅದ್ರಲ್ಲಿ ಮೊದಲ ಮೂರು ಕಿಲೋಮೀಟ್ರು ಬರೀ ಗುಂಡಿ ರೋಡು. ಇಂಜಿನ್ನು ಗೇರ್‌ಬಾಕ್ಸು ಬಗ್ಗೆ ಹೇಳೋಕೆ ಏನೂ ಇಲ್ಲ, ಟೈಮಿಗೆ ಸರಿಯಾಗಿ ಆಯಿಲ್ ಬದಲಾಯಿಸಿದ್ದೀನಿ, ಲೋಡಲ್ಲೂ 11-12 ಮೈಲೇಜ್ ಕೊಡುತ್ತೆ, ಒಂದಿನಾನೂ ದಾರೀಲಿ ನಿಂತಿಲ್ಲ. ಕಂಪನಿ ಹೆಸರು ಬರೀತಿಲ್ಲ, ಯಾಕಂದ್ರೆ ನಾನು ಹೇಳೋಕೆ ಹೊರಟಿರೋ ತೊಂದ್ರೆ ಇಂಥ ಸಸ್ಪೆನ್ಷನ್ ಇರೋ ಯಾವ ಪಿಕಪ್ಪಿಗಾದ್ರೂ ಬರುತ್ತೆ.

1,02,000 ದಾಟಿದ್ಮೇಲೆ ಶುರುವಾಯ್ತು. ಮಂಡಿ ಒಳಗೆ ಗಾಡಿ ತಿರುಗಿಸೋವಾಗ, ಸ್ಟೇರಿಂಗ್ ಬಲಕ್ಕೆ ಫುಲ್ ಕಟ್ ಮಾಡಿದ್ರೆ ಎಡಗಡೆ ಮುಂದಿನ ಚಕ್ರದ ಹತ್ರ ಕಟಕ್ ಅಂತ ಒಂದೇ ಒಂದು ಏಟು. ಒಂದೊಂದ್ಸಲ ಬರುತ್ತೆ ಒಂದೊಂದ್ಸಲ ಬರಲ್ಲ. ಹಂಪ್ ಹತ್ತಿಸಿದಾಗ್ಲೂ ಲಡಲಡ ಅಂತಿತ್ತು, ಎರಡೂ ಒಂದೇ ಇರ್ಬೇಕು ಅಂದ್ಕೊಂಡೆ, ಅಲ್ಲೇ ನಾನು ತಪ್ಪಿದ್ದು.

ಹೈವೇ ಪಕ್ಕದ ಒಂದು ದೊಡ್ಡ ಗ್ಯಾರೇಜಿಗೆ ಹೋದೆ. ಚಾಸಿಗೆ (ಗಾಡಿ ಚೌಕಟ್ಟಿಗೆ) ಜಾಕಿ ಕೊಟ್ಟು ಮುಂದಿನ ಚಕ್ರ ಎತ್ತಿ, ಮೇಲೆ ಕೆಳಗೆ ಹಿಡ್ಕೊಂಡು ಅಲ್ಲಾಡಿಸಿ, ಪ್ಲೇ, ಅಂದ್ರೆ ಸಡಿಲ, ಏನೂ ಇಲ್ಲ ಅಂದ್ರು. ಶಾಕ್ ಅಬ್ಸಾರ್ಬರ್ ಹೋಗಿದೆ, ಲಿಂಕ್ ರಾಡ್ (ಗಾಡಿ ವಾಲದಂಗೆ ತಡೆಯೋ ಸರಳಿನ ಕೊಂಡಿ) ಹೋಗಿದೆ ಅಂತ ಎರಡೂ ಸೈಡ್ ಬದಲಾಯಿಸಿ 9,400 ರೂಪಾಯಿ ತಗೊಂಡ್ರು. ಹಂಪಿನ ಲಡಲಡ ನಿಂತೋಯ್ತು, ಲಿಂಕ್ ರಾಡ್ ನಿಜವಾಗ್ಲೂ ಹೋಗಿತ್ತು. ಆದ್ರೆ ತಿರುಗಿಸಿದಾಗ ಬರೋ ಕಟಕ್ ಹಾಗೇ ಇತ್ತು. ಮತ್ತೆ ಹೋದ್ರೆ "ಆಕ್ಸಲ್ ಜಾಯಿಂಟ್ ಇರ್ಬೇಕು" ಅಂದ್ರು. ಟೂ ವೀಲ್ ಡ್ರೈವ್ ಪಿಕಪ್ಪಲ್ಲಿ ಇಂಜಿನ್ ಪವರ್ ಹಿಂದಿನ ಚಕ್ರಕ್ಕೆ ಮಾತ್ರ ಹೋಗೋದು, ಮುಂದೆ ಆ ಜಾಯಿಂಟೇ ಇರಲ್ಲ. ಅವತ್ತೇ ಅಲ್ಲಿಗೆ ಹೋಗೋದು ಬಿಟ್ಟೆ.

ಆಮೇಲೆ ನಾನೇ ಕೂತು ಒಂದೊಂದೇ ನೋಡ್ದೆ. ಲೋಡ್ ಇದ್ರೂ ಖಾಲಿ ಇದ್ರೂ ಶಬ್ದ ಒಂದೇ ಥರ, ಹಿಂದಿನ ಪ್ಲೇಟಿನ ಯು ಬೋಲ್ಟಿಗೆ ಸ್ಪ್ಯಾನರ್ ಹಾಕಿ ನೋಡಿದ್ರೆ ಟೈಟಾಗೇ ಇದೆ, ಹಾಗಾಗಿ ಹಿಂದೆ ಅಲ್ಲ. ಗೇರ್ ಹಾಕಿ ಕ್ಲಚ್ ಬಿಡೋವಾಗ ಏನೂ ಬರಲ್ಲ, ಹಾಗಾಗಿ ಹಿಂದಿನ ಚಕ್ರಕ್ಕೆ ಪವರ್ ಒಯ್ಯೋ ಪ್ರೊಪೆಲರ್ ಶಾಫ್ಟಿನ ಕ್ರಾಸೂ (ಜಾಯಿಂಟು) ಅಲ್ಲ. ಒಂದು ಭಾನುವಾರ ಗಾಡಿ ಸಮ ನೆಲದ ಮೇಲೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಇಂಜಿನ್ ಆನಲ್ಲಿ ತಮ್ಮನಿಗೆ ನಿಧಾನಕ್ಕೆ ಸ್ಟೇರಿಂಗ್ ಆ ಕಡೆ ಈ ಕಡೆ ತಿರುಗಿಸೋಕೆ ಹೇಳ್ದೆ. ಸ್ಟೇರಿಂಗನ್ನ ಚಕ್ರಕ್ಕೆ ಸೇರಿಸೋ ಟೈ ರಾಡ್ ಎಂಡ್ ಮೇಲೆ ಬೆರಳಿಟ್ರೆ ಏನೂ ಗೊತ್ತಾಗ್ಲಿಲ್ಲ. ಎಡಗಡೆ ಕೆಳಗಿನ ಬಾಲ್ ಜಾಯಿಂಟ್ (ಚಕ್ರದ ಭಾಗವನ್ನ ಸಸ್ಪೆನ್ಷನ್ ಆರ್ಮಿಗೆ ಸೇರಿಸೋ, ಗುಂಡಿನ ಥರ ತಿರುಗೋ ಕೀಲು) ಮೇಲಿಟ್ಟಾಗ ಒಳಗೆ ಏನೋ ಜಿಗಿದಂಗೆ ಬೆರಳಿಗೇ ಹೊಡೀತು. ರಬ್ಬರ್ ಬೂಟ್ ಹರಿದಿತ್ತು, ಗ್ರೀಸೆಲ್ಲ ಹೋಗಿ ಕೆಂಪು ಮಣ್ಣು ತುಂಬ್ಕೊಂಡಿತ್ತು.

ನಮ್ಮೂರ ಹತ್ರ ವಯಸ್ಸಾದ ಮೆಕ್ಯಾನಿಕ್ ಒಬ್ರಿದ್ದಾರೆ, ಮರದ ಕೆಳಗೇ ಗ್ಯಾರೇಜು. ಅವ್ರಿಗೆ ಹೇಳಿದ್ರೆ ಮೊದ್ಲು ಕೇಳಿದ್ದು, "ಅವ್ರು ಜಾಕಿ ಎಲ್ಲಿ ಕೊಟ್ಟಿದ್ರಪ್ಪ?" ಚಾಸಿಗೆ ಅಂದೆ. "ಹಂಗಾದ್ರೆ ಹೆಂಗೆ ಗೊತ್ತಾಗುತ್ತೆ?" ಅಂದು ವಿವರಿಸಿ ಹೇಳಿದ್ರು. ಈ ಥರ ಗಾಡೀಲಿ ಸ್ಪ್ರಿಂಗು ಲೋವರ್ ಆರ್ಮ್ (ಚಕ್ರವನ್ನ ಚಾಸಿಗೆ ಸೇರಿಸೋ ಕೆಳಗಿನ ತೋಳು) ಮೇಲೆ ಕೂತಿರುತ್ತೆ. ಚಾಸಿ ಎತ್ತಿದ್ರೆ ಸ್ಪ್ರಿಂಗು ಆರ್ಮನ್ನ ಕೆಳಕ್ಕೆ ಒತ್ತಿ ಹಿಡಿದಿರುತ್ತೆ, ಜಾಯಿಂಟ್ ಸವೆದಿದ್ರೂ ಬಿಗಿಯಾಗಿರೋ ಥರಾನೇ ಕಾಣುತ್ತೆ. ಜಾಕಿ ಲೋವರ್ ಆರ್ಮ್ ಕೆಳಗೇ ಕೊಟ್ಟು ಎತ್ತಿದ್ರೆ ಆ ಒತ್ತಡ ಜಾಯಿಂಟಿಂದ ತಪ್ಪುತ್ತೆ, ಆವಾಗ ಪ್ಲೇ ಕಾಣುತ್ತೆ. ಹಾಗೇ ಎತ್ತಿ ಚಕ್ರದ ಕೆಳಗೆ ಟಾಮಿ (ಕಬ್ಬಿಣದ ಸಲಾಕೆ) ಹಾಕಿ ಮೇಲಕ್ಕೆ ಮೀಟಿದ್ರು, ನನ್ನ ಕಣ್ಣೆದುರಿಗೇ ಚಕ್ರ ಮೇಲೆ ಕೆಳಗೆ ಆಡ್ತು. ಅದನ್ನ ನೋಡಿ ಕೈಕಾಲು ತಣ್ಣಗಾಯ್ತು, ಅವತ್ತು ಬೆಳಗ್ಗೆ ತಾನೇ ಅಪ್ಪನ್ನ ಪಕ್ಕದಲ್ಲಿ ಕೂರಿಸ್ಕೊಂಡು ಹೈವೇಲಿ 70ರಲ್ಲಿ ಬಂದಿದ್ದೆ. ಕೆಳಗಿನ ಜಾಯಿಂಟ್ ಪೂರ್ತಿ ಕಳಚಿದ್ರೆ ಚಕ್ರ ಹೊರಕ್ಕೆ ಮಡಚ್ಕೊಳ್ಳುತ್ತೆ, ಆಮೇಲೆ ಸ್ಟೇರಿಂಗ್ ನಮ್ಮ ಕೈಲಿರಲ್ಲ.

ಎರಡೂ ಸೈಡ್ ಕಂಪನಿ ಪಾರ್ಟೇ ಹಾಕ್ಸಿದೆ, ಜಾಯಿಂಟಿಗೆ 3,300, ಲೇಬರ್ 1,800. ನಮ್ ಗಾಡೀದು ಪ್ರೆಸ್ಸಲ್ಲಿ ಕೂರಿಸೋ ಥರದ್ದು, ಆರ್ಮ್ ಬಿಚ್ಚಲೇಬೇಕು, ಸ್ಪ್ರಿಂಗು ಒತ್ತಡದಲ್ಲಿರೋದ್ರಿಂದ ಮನೇಲಿ ಕೈ ಹಾಕೋ ಕೆಲಸ ಅಲ್ಲ ದಯವಿಟ್ಟು. ಅವ್ರ ಕೆಲಸದಲ್ಲಿ ಎರಡು ವಿಷ್ಯ ನಂಗೆ ತುಂಬಾ ಹಿಡಿಸ್ತು. ನಟ್ಟಿಗೆ ಹಳೇ ಸ್ಪ್ಲಿಟ್ ಪಿನ್ (ನಟ್ ಸಡಿಲ ಆಗ್ದಂಗೆ ತೂತಲ್ಲಿ ಹಾಕೋ ಪಿನ್ನು) ಹಾಕ್ದೆ ಹೊಸದು ಹಾಕಿದ್ರು, ತೂತು ಸರಿ ಬರದಿದ್ದಾಗ ನಟ್ ಹಿಂದಕ್ಕೆ ಸಡಿಲ ಮಾಡ್ದೆ ಇನ್ನೊಂಚೂರು ಟೈಟ್ ಮಾಡಿ ತೂತು ಕೂಡಿಸಿದ್ರು. ಇನ್ನೊಂದು, ಆರ್ಮ್ ಬುಷ್ಷಿನ (ಆರ್ಮ್ ಚಾಸಿಗೆ ಸೇರೋ ಕಡೆ ಇರೋ ರಬ್ಬರು) ಬೋಲ್ಟ್‌ಗಳನ್ನ ಗಾಡಿ ನೆಲಕ್ಕಿಳಿಸಿ ಭಾರ ಬಿದ್ಮೇಲೇ ಫೈನಲ್ ಟೈಟ್ ಮಾಡಿದ್ರು, ಚಕ್ರ ತೂಗಾಡ್ತಿರುವಾಗ ಟೈಟ್ ಮಾಡಿದ್ರೆ ಇಳಿಸಿದ ತಕ್ಷಣ ಬುಷ್ ರಬ್ಬರು ತಿರುಚ್ಕೊಂಡು ಬೇಗ ಹರಿಯುತ್ತಂತೆ. ಆಮೇಲೆ ವೀಲ್ ಅಲೈನ್ಮೆಂಟ್. ಎಡಗಡೆ ಟೈರು ಒಳಗಿಂದ ಸವೀತಿದ್ದಿದ್ದೂ ಅದ್ರಿಂದ ನಿಂತೋಯ್ತು.

ಇದಾಗಿ 12,000 ಕಿಲೋಮೀಟ್ರು ಓಡಿದೆ. ಶಬ್ದ ಪೂರ್ತಿ ಹೋಗಿದೆ, ಸ್ಟೇರಿಂಗೂ ಹಗುರ ಅನ್ಸುತ್ತೆ. ಈಗ ಪ್ರತಿ ಸಲ ಆಯಿಲ್ ಬದಲಾಯಿಸೋವಾಗ ನಾನೇ ಕೆಳಗೆ ಮಲ್ಕೊಂಡು ನಾಲ್ಕು ಬಾಲ್ ಜಾಯಿಂಟಿನ ಬೂಟೂ ಟಾರ್ಚ್ ಹಾಕಿ ನೋಡ್ತೀನಿ. ಹೋದ ವಾರ ನೋಡ್ದಾಗ ಬಲಗಡೆ ಮೇಲಿನದ್ರಲ್ಲಿ ಸಣ್ಣದಾಗಿ ಬಿರುಕು ಬಿಟ್ಟಿದೆ, ಗ್ರೀಸ್ ಇನ್ನೂ ಹೊರಗೆ ಬಂದಿಲ್ಲ, ಸೀಸನ್ ಶುರುವಾಗೋಕೆ ಮುಂಚೆ ಅದನ್ನೂ ಬದಲಾಯಿಸ್ತೀನಿ.