ಸಸ್ಟೇನ್ ಪೆಡಲ್ ತಗೊಳೋ ಮೊದ್ಲು ಇದನ್ನ ಓದ್ಕೊಳಿ, ನಂಗಾದ ಹಾಗೆ ನಿಮಗೆ ಆಗೋದು ಬೇಡ

ಬಾರಿಸೋ ಕೀಬೋರ್ಡಿಗೆ ಕಡಿಮೆ ರೇಟಿನ ಸಸ್ಟೇನ್ ಪೆಡಲ್ (ಕಾಲಲ್ಲಿ ಒತ್ತಿ ಹಿಡಿದ್ರೆ ಸ್ವರ ಉದ್ದಕ್ಕೆ ನಿಲ್ಲೋ ಹಾಗೆ ಮಾಡೋದು) ಹುಡುಕ್ತಾ ಇರೋವ್ರು ಯಾರಾದ್ರೂ ಇದ್ರೆ ಒಂದೈದು ನಿಮಿಷ ಇದನ್ನ ಓದಿ. ಹುಬ್ಬಳ್ಳೀಲಿ ಒಂದು ಅಂಗಡೀಲಿ 1,350 ರೂಪಾಯಿ ಕೊಟ್ಟು ತಗೊಂಡ ಪೆಡಲ್ ಇಪ್ಪತ್ತೇ ದಿನಕ್ಕೆ ಕೈ ಕೊಡ್ತು, ಅದೂ ಮನೇಲಿ ಅಲ್ಲ, ಕುಮಟಾದಲ್ಲಿ ಅಕ್ಕನ ಮಗನ ಉಪನಯನದ ದಿನ ಸಂಜೆ, ನೆಂಟರು ಇಷ್ಟರು ಎಲ್ಲ ಎದುರಿಗೆ ಕೂತಾಗ. ದುಡ್ಡು ಹೋಗಿದ್ದು ಒಂದು ಕಡೆ ಇರ್ಲಿ, ಆಮೇಲೆ ಆ ಅಂಗಡಿಯವನು ನನ್ನ ಹತ್ರ ಮಾತಾಡಿದ ರೀತಿ ಇದೆಯಲ್ಲ, ಅದನ್ನ ನೆನೆಸಿಕೊಂಡ್ರೆ ಇವತ್ತಿಗೂ ಹೊಟ್ಟೆ ಉರೀತದೆ.

ನಮ್ಮದು ಶಿರಸಿ ಹತ್ರ ಹಳ್ಳಿ. ನನ್ನ ಹತ್ರ ಇರೋದು ಯಮಹಾ ಪಿಎಸ್‌ಆರ್ ಐ500, ಭಜನೆ, ಭಾವಗೀತೆ, ಊರಿನ ಕಾರ್ಯಕ್ರಮ ಇಷ್ಟಕ್ಕೇ ಬಾರಿಸೋದು. ಇಷ್ಟು ದಿನ ಕೀಬೋರ್ಡ್ ಒಳಗೇ ಇರೋ ಸಸ್ಟೇನ್ ಸೆಟ್ಟಿಂಗ್ ಆನ್ ಮಾಡ್ಕೊಂಡು ಸುಧಾರಿಸ್ತಿದ್ದೆ, ಆದ್ರೆ ಅದು ಎಲ್ಲ ಸ್ವರಕ್ಕೂ ಒಂದೇ ಸಮ ಬಾಲ ಹಚ್ಚಿ ಬಿಡ್ತದೆ, ಎಲ್ಲಿ ಹಿಡೀಬೇಕು ಎಲ್ಲಿ ಬಿಡಬೇಕು ಅನ್ನೋದು ನಮ್ಮ ಕೈಲಿ ಇರಲ್ಲ. ಪೆಡಲ್ ಇದ್ರೆ ಕಾರ್ಡ್ (ಒಟ್ಟಿಗೆ ಒತ್ತೋ ಮೂರ್ನಾಲ್ಕು ಸ್ವರದ ಗುಂಪು) ಬದಲಾಗೋವಾಗ ಕಾಲು ಎತ್ತಿ ಮತ್ತೆ ಒತ್ತಿದ್ರೆ ಆಯ್ತು, ಹಿಂದಿನ ಸ್ವರ ನಿಂತು ಹೊಸದು ಶುರು. ಅಕ್ಕನ ಮಗಳು ಹಾಡೋಳು, ನಾನು ಬಾರಿಸೋದು ಅಂತ ತೀರ್ಮಾನ ಆದ ಮೇಲೆ ಪೆಡಲ್ ತಗೊಳ್ಳೇಬೇಕು ಅನಿಸ್ತು. ಶಿರಸೀಲಿ ನಾನು ಕೇಳಿದ ಎರಡು ಕಡೆ ಸ್ಟಾಕ್ ಇರಲಿಲ್ಲ. ಹುಬ್ಬಳ್ಳೀಲಿ ಬೇರೆ ಕೆಲಸಾನೂ ಇತ್ತು, ಮುಂಡಗೋಡ ಮೇಲೆ ಹೋಗೋ ಬಸ್ ಹತ್ತಿದೆ.

ಅಂಗಡೀಲಿ ಎರಡು ಥರದ್ದು ತೋರಿಸಿದ. ಒಂದು 600ರದ್ದು, ಯಾವ ಹೆಸರೂ ಇಲ್ಲದ್ದು. ಇನ್ನೊಂದು ಚಪ್ಪಟೆ ಕಪ್ಪು ಪ್ಲಾಸ್ಟಿಕ್ಕಿಂದು, ಮೇಲೆ ದೊಡ್ಡ ಕಂಪನಿ ಹೆಸರಿನ ಸ್ಟಿಕರ್. "ಇದು ಒರಿಜಿನಲ್ ಐತ್ರಿ ಸರ್ರ, ಎಲ್ಲಾ ಕೀಬೋರ್ಡಿಗೂ ಆಗ್ತೈತಿ, ಕಣ್ ಮುಚ್ಚಿ ಒಯ್ರಿ" ಅಂದ. ಬಾಕ್ಸ್ ಎಲ್ಲಿ ಅಂತ ಕೇಳ್ದೆ. "ಮಳ್ಯಾಗ ತೊಯ್ದಿತ್ರಿ, ಒಗದೀವಿ" ಅಂದ. ಬಿಲ್ ಕೇಳಿದ್ರೆ "ಬಿಲ್ ಬೇಕಂದ್ರ ಜಿಎಸ್‌ಟಿ ಬೀಳ್ತೈತ್ರಿ, ಸುಮ್ನ ಯಾಕ ನಿಮಗ ಖರ್ಚು" ಅಂದ. ಬಾಕ್ಸ್ ಇಲ್ಲ, ಬಿಲ್ ಇಲ್ಲ, ಅಲ್ಲೇ ತಿಳ್ಕೋಬೇಕಿತ್ತು ನಾನು. ತಿಳೀಲಿಲ್ಲ. ಷೋಕೇಸಲ್ಲಿದ್ದ ಕೀಬೋರ್ಡಿಗೆ ಪಿನ್ ಚುಚ್ಚಿ ಎರಡು ಸಲ ಒತ್ತಿ ತೋರಿಸಿದ, ಸ್ವರ ಉದ್ದ ನಿಂತ್ಕೊಳ್ತು, ಸರಿ ಅಂತ ಫೋನ್‌ಪೇ ಮಾಡಿ ಬಂದೆ. ಎರಡು ಸಲ ಒತ್ತಿದ್ದು, ಎರಡೇ ಸಲ. ಇದನ್ನ ನೆನಪಿಟ್ಕೊಳಿ, ಮುಂದೆ ಬರ್ತದೆ.

ಮನೇಲಿ ಮೊದಲ ವಾರ ಚೆನ್ನಾಗೇ ಇತ್ತು. ನಮ್ಮನೆ ಕೆಂಪು ನೆಲದ ಮೇಲೆ ಜಾರ್ತಿತ್ತು, ಅಡಿಗೆ ರಬ್ಬರ್ ಥರ ಕಂಡಿದ್ದು ರಬ್ಬರ್ ಅಲ್ಲ, ಬರೀ ಕಪ್ಪು ಹಾಳೆ ಅಂಟಿಸಿದ್ದು. ಗೋಣಿಚೀಲ ಮಡಚಿ ಹಾಕ್ಕೊಂಡೆ. ಎರಡನೇ ವಾರದಿಂದ ಒಂದೊಂದು ಸಲ ಕಾಲು ತೆಗೆದ್ರೂ ಮೇಲೆ ಬರೋಕೆ ತಡ ಮಾಡ್ತಿತ್ತು, ಹೊಸದಲ್ವಾ ಬಿಗಿ ಇರಬಹುದು ಅಂದ್ಕೊಂಡೆ.

ಇನ್ನು ಉಪನಯನದ ದಿನದ್ದು. ಸಂಜೆ ಆರೂವರೆಗೆ ಶುರು ಮಾಡಿದ್ವಿ, ಎರಡು ಹಾಡು ಬಹಳ ಚೆನ್ನಾಗಿ ಆಯ್ತು. ಮೂರನೇದು ನಿಧಾನದ ಭಾವಗೀತೆ, ಅಕ್ಕನ ಮಗಳು ತಿಂಗಳಿಂದ ಕಲ್ತಿದ್ದು, ಅದಕ್ಕೇ ಅಂತ ನಾನು ಪೆಡಲ್ ತಂದಿದ್ದು. ಅದು ಶುರು ಆಗೋ ಮೊದ್ಲೇ ಕರೆಂಟ್ ಹೋಯ್ತು. ಜನರೇಟರ್ ಹಾಕಿದ್ರು, ನಾನು ಕೀಬೋರ್ಡ್ ಪವರ್ ಬಟನ್ ಒತ್ತಿ ವಾಯ್ಸ್ ಸೆಟ್ ಮಾಡಿ ಶುರು ಮಾಡಿದೆ. ಎರಡು ಸಾಲು ಆಗೋದ್ರೊಳಗೆ ಸ್ವರ ಎಲ್ಲ ಒಂದರ ಮೇಲೊಂದು ಸೇರ್ಕೊಂಡು ಬರೀ ಗೊಂಯ್ ಅನ್ನೋ ಶಬ್ದ. ಕಾಲು ಎತ್ತಿದ್ರೆ ಜಾಸ್ತಿ ಆಗ್ತದೆ, ಒತ್ತಿ ಹಿಡಿದ್ರೆ ಕಡಿಮೆ ಆಗ್ತದೆ, ಪೂರ್ತಿ ಉಲ್ಟಾ. ನಂಗೆ ತಲೆ ಓಡಲಿಲ್ಲ. ಮೈಕಿನವನು ಎಕೋ ಜಾಸ್ತಿ ಇಟ್ಟಿದಾನೆ ಅಂತ ಅವನ ಕಡೆ ಕೈ ಮಾಡಿದೆ, ಅವನು ಎಕೋ ಪೂರ್ತಿ ಕಡಿಮೆ ಮಾಡಿದ, ಅವಳ ದನಿ ಬೋಳಾಗಿ ಕೇಳ್ತು, ಹಿಂದೆ ನನ್ನ ಗೊಂಯ್ ಹಾಗೇ ಇದೆ. ಶ್ರುತಿ ಸಿಗದೆ ಚರಣದ ಮಧ್ಯೆ ಅವಳು ನಿಂತೇಬಿಟ್ಟಳು. ಮೈಕ್ ಕೈಲಿ ಹಿಡ್ಕೊಂಡೇ ನನ್ನ ಕಡೆ ತಿರುಗಿ "ಮಾವಾ, ಎಂತ ಆತು?" ಅಂದಳು, ಅದು ಮೈಕಲ್ಲಿ ಎಲ್ಲರಿಗೂ ಕೇಳ್ತು. ಆಮೇಲೆ ಪೆಡಲ್ ಪಿನ್ ಕಿತ್ತು ಹಾಕಿದೆ, ಶಬ್ದ ನಿಲ್ತು, ಮತ್ತೆ ಮೊದಲಿಂದ ಶುರು ಮಾಡಿದ್ವಿ. ಆದ್ರೆ ಆ ಹಾಡು ಮೊದಲಿನ ಹಾಗೆ ಆಗಲೇ ಇಲ್ಲ, ಹುಡುಗಿ ಕಣ್ಣಲ್ಲಿ ನೀರಿತ್ತು. ಊಟಕ್ಕೆ ಕೂತಾಗ ಪಕ್ಕದವರು "ಕೀಬೋರ್ಡ್ ಹಳೇದನ?" ಅಂತ ಕೇಳಿದ್ರು, ಏನು ಹೇಳೋದು ಗೊತ್ತಾಗದೆ ಹೂಂ ಅಂದೆ.

ಯಾಕೆ ಹಾಗಾಯ್ತು ಅಂತ ಆಮೇಲೆ ಮ್ಯಾನ್ಯುಯಲ್ ಓದಿದಾಗ ಗೊತ್ತಾಯ್ತು, ಇದು ಎಲ್ಲರೂ ತಿಳ್ಕೊಳ್ಳೋದು ಒಳ್ಳೇದು. ಈ ಪೆಡಲ್ ಅಂದ್ರೆ ಒಳಗೆ ಒಂದು ಸ್ವಿಚ್ ಅಷ್ಟೇ. ಕೆಲವು ಕಂಪನೀದು ಒತ್ತದೇ ಇದ್ದಾಗ ಸರ್ಕ್ಯೂಟ್ ಕೂಡಿರ್ತದೆ, ಒತ್ತಿದಾಗ ಬಿಡ್ತದೆ, ಯಮಹಾ ಎಫ್‌ಸಿ5 ಹಾಗೆ. ಕ್ಯಾಸಿಯೋ ಎಸ್‌ಪಿ3 ಅದಕ್ಕೆ ಉಲ್ಟಾ. ಹಾಗಾಗಿ ತುಂಬಾ ಕೀಬೋರ್ಡುಗಳು ಆನ್ ಆಗೋ ಕ್ಷಣದಲ್ಲಿ ಪೆಡಲ್ ಯಾವ ಸ್ಥಿತೀಲಿ ಇದೆಯೋ ಅದನ್ನೇ "ಕಾಲು ಇಟ್ಟಿಲ್ಲ" ಅಂತ ಲೆಕ್ಕ ಹಿಡೀತವೆ. ಪೆಡಲ್ ಒತ್ತಿಕೊಂಡು ಆನ್ ಮಾಡಬೇಡಿ, ಮಾಡಿದ್ರೆ ಉಲ್ಟಾ ಆಗ್ತದೆ ಅಂತ ಮ್ಯಾನ್ಯುಯಲ್ಲಲ್ಲೇ ಬರೆದಿದಾರೆ. ನಾನು ಒತ್ತಿರಲಿಲ್ಲ. ಭಾವ ಮೊಬೈಲಲ್ಲಿ ವಿಡಿಯೋ ಮಾಡಿದ್ರು, ಕರೆಂಟ್ ಬಂದಾಗ ನನ್ನ ಕಾಲು ಪೆಡಲಿಂದ ಒಂದು ಗೇಣು ಈಚೆಗಿದೆ, ಪೆಡಲ್ ಮಾತ್ರ ತಾನೇ ಕೆಳಗೆ ಕೂತಿದೆ, ಸ್ಪಷ್ಟ ಕಾಣ್ತದೆ. ಅಂದ್ರೆ ಮೂರು ವಾರಕ್ಕೇ ಸ್ಪ್ರಿಂಗ್ ಸತ್ತು ಅದು ಮೇಲೆ ಬಂದಿಲ್ಲ, ಕೀಬೋರ್ಡ್ ಅದನ್ನೇ ಸರಿ ಅಂತ ತಿಳ್ಕೊಂಡಿದೆ, ನಾನು ಒಂದು ಸಲ ತುಳಿದಾಗ ಅದು ಮೇಲೆ ಎದ್ದಿದೆ, ಅಲ್ಲಿಂದ ಎಲ್ಲ ಉಲ್ಟಾ.

ಮರುದಿನ ಅಂಗಡಿಗೆ ಫೋನ್ ಮಾಡಿದೆ. ಮೊದಲನೇ ಉತ್ತರ: "ಕುಮಟಾದಾಗ ಉಪ್ಪಿನ ಗಾಳಿ ಐತ್ರಿ ಸರ್ರ, ಅದಕ್ಕ ಹಂಗ ಆಗಿರ್ತೈತಿ." ಒಂದು ದಿನದ ಗಾಳಿಗೆ! ಎರಡನೇ ಉತ್ತರ: "ನಿಮ್ಮ ಕೀಬೋರ್ಡ್‌ದಾಗ ಪ್ರಾಬ್ಲಮ್ ಐತಿ, ಸರ್ವಿಸಿಗೆ ಕೊಡ್ರಿ." ಪಿನ್ ಕಿತ್ತ ಕೂಡಲೇ ಸರಿ ಆಯ್ತಲ್ಲ ಅಂದ್ರೆ ಅದಕ್ಕೆ ಮಾತಿಲ್ಲ. ಮೂರನೇದು: "ನೀವು ಪೆಡಲ್ ತುಳಕೊಂಡ ಆನ್ ಮಾಡೀರಿ." ವಿಡಿಯೋ ಕಳಿಸಿದೆ, ಪೆಡಲ್ ಕೆಳಗೆ ಕೂತಿರೋ ಜಾಗಕ್ಕೆ ಕೆಂಪು ಗುಂಡು ಹಾಕಿ ಫೋಟೋನೂ ಕಳಿಸಿದೆ. ನೀಲಿ ಟಿಕ್ ಬಂತು. ಎರಡು ದಿನ ಬಿಟ್ಟು ಒಂದು ಲೈನ್: "ಅಂಗಡಿಗೆ ತರ್ರಿ ನೋಡೂಣು." ನೋಡೂಣು ಅಂದ ಮೇಲೆ ಬದಲಾಯಿಸಿ ಕೊಡ್ತಾನೆ ಅಂತ ನಂಬಿ ಮತ್ತೆ ಹುಬ್ಬಳ್ಳಿಗೆ ಹೋದೆ, ಒಂದು ದಿನದ ರಜೆ ಹಾಕಿ.

ಅವನು ಅದೇ ಷೋಕೇಸ್ ಕೀಬೋರ್ಡಿಗೆ ಚುಚ್ಚಿ, ಪೆಡಲನ್ನ ಕೌಂಟರ್ ಮೇಲೆ ಇಟ್ಟು, ಅಂಗೈಲಿ ಮೂರು ಸಲ ಒತ್ತಿದ. ಮೂರು ಸಲಾನೂ ಸರಿಯಾಗಿ ಬಂತು. "ನೋಡ್ರಿ, ಮಾಲು ಚಲೋ ಐತಿ" ಅಂತ ಜೋರಾಗೇ ಹೇಳಿದ, ಅಂಗಡೀಲಿ ಇನ್ನೂ ಮೂರು ನಾಲ್ಕು ಜನ ಇದ್ರು, ಎಲ್ಲ ನನ್ನನ್ನ ನೋಡಿದ್ರು, ಬಳಸಿ ಬಿಟ್ಟು ವಾಪಸ್ ಕೊಡೋಕೆ ಬಂದಿದಾನೆ ಅನ್ನೋ ಹಾಗೆ. ನಂಗೆ ತಡೀಲಿಲ್ಲ, ಪೆಡಲ್ ನೆಲಕ್ಕೆ ಇಟ್ಟು ಸ್ಟೂಲ್ ಎಳ್ಕೊಂಡು ಕೂತೆ, ಹಾಡಿಗೆ ಒತ್ತೋ ಹಾಗೇ ಒತ್ತುತ್ತಾ ಹೋದೆ, ಬಾಯಲ್ಲಿ ಎಣಿಸ್ತಾ. ಇಪ್ಪತ್ತೇಳನೇ ಸಲಕ್ಕೆ ಕೂತಿದ್ದು ಏಳಲಿಲ್ಲ. ಕಾಲು ಪೂರ್ತಿ ಈಚೆಗೆ ತೆಗೆದೆ, ಸ್ವರ ಹಾಗೇ ಎಳೀತಾ ಇದೆ. ಈಗ ನೋಡಿ ಅಂದೆ. ಅವನು ಏನಂದ ಗೊತ್ತಾ?

"ಅಷ್ಟೊಂದು ಒತ್ತಿದ್ರ ಯಾವ ಪೆಡಲ್ ತಡೀತೈತ್ರಿ?"

ಮಾರಾಯ್ರೆ, ಪೆಡಲ್ ಇರೋದೇ ಒತ್ತೋಕೆ! ಒಂದು ಹಾಡಿಗೆ ಕಾರ್ಡ್ ಬದಲಾದಾಗೆಲ್ಲ ಒತ್ತಿ ಬಿಟ್ಟು ಮಾಡಿದ್ರೆ ನೂರು ಸಲ ದಾಟ್ತದೆ. ಇಪ್ಪತ್ತೇಳು ಸಲ ಒತ್ತಿದ್ದು ಜಾಸ್ತಿ ಆಯ್ತಂತೆ. ಆ ಮಾತು ಕೇಳಿದಾಗ ನಂಗೆ ಅರ್ಥ ಆಯ್ತು, ಇವನಿಗೆ ಮೊದಲಿಂದಾನೂ ಗೊತ್ತಿತ್ತು. ಎರಡು ಸಲ, ಮೂರು ಸಲ ಒತ್ತಿ ತೋರಿಸಿ ನಿಲ್ಲಿಸೋದು ಯಾಕೆ ಅಂತ ಗೊತ್ತಿದ್ದೇ ಮಾಡ್ತಾನೆ. ದುಡ್ಡು ವಾಪಸ್ ಕೊಡಿ ಅಂದೆ. "ಎಕ್ಸ್‌ಚೇಂಜ್ ಇಲ್ರಿ, ಬಿಲ್ ಎಲ್ಲೈತಿ ನಿಮ್ಮದು?" ಬಿಲ್ ಬೇಡ ಅಂದವನೂ ಅವನೇ, ಬಿಲ್ ಎಲ್ಲಿ ಅಂದವನೂ ಅವನೇ. ನಂಗೆ ಸಿಟ್ಟಿಗೆ ಬಾಯಿಂದ ಮಾತೇ ಬರಲಿಲ್ಲ, ಪೆಡಲ್ ಚೀಲಕ್ಕೆ ಹಾಕ್ಕೊಂಡು ಹೊರಗೆ ಬಂದೆ. ಬಸ್ಸಲ್ಲಿ ಪೂರ್ತಿ ದಾರಿ ಆಗ ಏನೇನು ಹೇಳಬೇಕಿತ್ತು ಅಂತ ಯೋಚನೆ ಮಾಡ್ತಾನೇ ಬಂದೆ.

ರಾತ್ರಿ ಜಗಲಿ ಮೇಲೆ ಪೇಪರ್ ಹಾಸಿ ಬಿಚ್ಚಿದೆ. ಅಡಿಗೆ ನಾಲ್ಕು ಸ್ಕ್ರೂ ಜಾಗ, ಸ್ಕ್ರೂ ಇದ್ದಿದ್ದು ಮೂರು. ಒಳಗೆ ಬಾಲ್‌ಪೆನ್ನಿನ ಸ್ಪ್ರಿಂಗಿಗಿಂತ ಸ್ವಲ್ಪ ದಪ್ಪದ್ದು ಒಂದು ಸ್ಪ್ರಿಂಗ್, ಅದು ಕೂರೋಕೆ ಗೂಟ ಇಲ್ಲ, ಬಿಸಿ ಗಮ್ಮಲ್ಲಿ ಅಂಟಿಸಿದ್ದು, ಗಮ್ ಬಿಟ್ಟು ಸ್ಪ್ರಿಂಗ್ ಒಂದು ಬದಿಗೆ ವಾಲಿದೆ. ಸ್ವಿಚ್ ಅಂದ್ರೆ ಎರಡು ತಗಡಿನ ಪಟ್ಟಿ, ಒಂದಕ್ಕೊಂದು ತಾಗೋದು ಬಿಡೋದು, ಅಷ್ಟೇ. ಆ ಸ್ಟಿಕರ್ ತುದಿ ಮೊದಲೇ ಎದ್ದಿತ್ತು, ಉಗುರಲ್ಲಿ ಎಳೆದೆ, ಸಲೀಸಾಗಿ ಬಂತು. ಅದರ ಕೆಳಗೆ ಪ್ಲಾಸ್ಟಿಕ್ ಮೇಲೆ ಬೇರೆ ಯಾವುದೋ ಹೆಸರು ಇದ್ದಿದ್ದನ್ನ ಕೆರೆದು ತೆಗೆದ ಗುರುತು ಇದೆ, ಕೈ ಆಡಿಸಿದ್ರೆ ಒರಟು ಒರಟು ತಾಗ್ತದೆ. ಅಲ್ಲಿ ತೋರಿಸಿದ್ದ 600 ರೂಪಾಯಿದು ಇತ್ತಲ್ಲ, ಅದೇ ಆಕಾರ, ಅದೇ ಅಂಚು. ಅದಕ್ಕೇ ಸ್ಟಿಕರ್ ಹಚ್ಚಿ ನಂಗೆ 1,350ಕ್ಕೆ ಕೊಟ್ಟಿದ್ದು ಅಂತ ನನ್ನ ಖಾತ್ರಿ. ಆ ಸ್ಟಿಕರ್ ಬೆರಳಿಗೆ ಅಂಟ್ಕೊಂಡಿತ್ತು, ಅದನ್ನ ನೋಡ್ತಾ ಎಷ್ಟೋ ಹೊತ್ತು ಹಾಗೇ ಕೂತಿದ್ದೆ. ಇದಕ್ಕೆ ಆ ಹುಡುಗಿ ಅತ್ತಿದ್ದು.

ಈಗ ತಗೊಳೋವ್ರಿಗೆ ಹೇಳ್ತೀನಿ. ಅಂಗಡಿಯವರು ಒತ್ತಿ ತೋರಿಸಿದ್ದನ್ನ ನಂಬಬೇಡಿ, ನೀವೇ ಕೂತು ಕಾಲಲ್ಲಿ ಐವತ್ತು ಸಲ ಒತ್ತಿ, ಅವರು ಮುಖ ಸಿಂಡರಿಸಿದ್ರೂ ಒತ್ತಿ. ಒಂದು ಸಲ ಕೀಬೋರ್ಡ್ ಆಫ್ ಮಾಡಿಸಿ ಆನ್ ಮಾಡಿಸಿ ನೋಡಿ. ಬಾಕ್ಸ್ ಇಲ್ಲದ್ದು, ಬಿಲ್ ಇಲ್ಲದ್ದು ಬೇಡವೇ ಬೇಡ. ಕಡಿಮೆ ರೇಟಿಂದೇ ಸಾಕು ಅಂದ್ರೆ ಪೋಲಾರಿಟಿ, ಅಂದ್ರೆ ಒತ್ತಿದಾಗ ಸರ್ಕ್ಯೂಟ್ ಕೂಡ್ತದೋ ಬಿಡ್ತದೋ ಅನ್ನೋದನ್ನ, ಬದಲಾಯಿಸೋ ಸಣ್ಣ ಸ್ವಿಚ್ ಇರೋದು ನೋಡಿ, ಎಂ ಆಡಿಯೋ ಎಸ್‌ಪಿ2ಕ್ಕೆ ಅದು ಇದೆ, ಉಲ್ಟಾ ಆದ್ರೆ ಅದನ್ನ ಸರಿಸಿದ್ರೆ ಸರಿ ಆಗ್ತದೆ. ಹೋಗೋ ಮೊದ್ಲು ನಿಮ್ಮ ಕೀಬೋರ್ಡ್ ಹಿಂದೆ ಸಸ್ಟೇನ್ ಅಂತ ಬರೆದಿರೋ ದಪ್ಪ ಪಿನ್ನಿನ ತೂತು, ಅಂದ್ರೆ 6.35 ಮಿಲಿಮೀಟರಿಂದು, ಇದೆಯಾ ನೋಡ್ಕೊಳಿ, ಹೆಡ್‌ಫೋನ್ ತೂತು ಬೇರೆ. ಹಾಫ್ ಪೆಡಲ್ (ಅರ್ಧ ಒತ್ತಿದ್ರೆ ಸ್ವರ ಅರ್ಧ ಮಾತ್ರ ಹಿಡಿಯೋದು) ಬರ್ತದೆ ಅಂತ ಹೇಳಿ ಮೂರು ನಾಲ್ಕು ಸಾವಿರದ್ದು ತೋರಿಸಿದ್ರೆ, ನಿಮ್ಮ ಕೀಬೋರ್ಡಿಗೆ ಅದು ಗೊತ್ತಾಗ್ತದಾ ಅಂತ ಮೊದಲು ಮ್ಯಾನ್ಯುಯಲ್ ನೋಡಿ, ನನ್ನ ಥರದ್ದಕ್ಕೆ ಗೊತ್ತಾಗಲ್ಲ, ಒತ್ತಿದ್ದು ಅಥವಾ ಬಿಟ್ಟಿದ್ದು ಎರಡೇ. ಕಾರ್ಯಕ್ರಮದ ಮಧ್ಯೆ ಉಲ್ಟಾ ಆದ್ರೆ ಗಾಬರಿ ಆಗಬೇಡಿ, ಪೆಡಲ್ ಮೇಲೆ ಎದ್ದಿದೆಯಾ ನೋಡಿ ಕೀಬೋರ್ಡ್ ಆಫ್ ಮಾಡಿ ಆನ್ ಮಾಡಿ, ಹತ್ತು ಸೆಕೆಂಡಿನ ಕೆಲಸ. ಇದು ಆ ದಿನ ನಂಗೆ ಗೊತ್ತಿದ್ರೆ ಅವಳು ನಿಲ್ತಿರಲಿಲ್ಲ.

ಅಂಗಡಿ ಹೆಸರು ಇಲ್ಲಿ ಹಾಕಲ್ಲ. ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದೀನಿ, ಬಿಲ್ ಇಲ್ಲದಿದ್ರೂ ಫೋನ್‌ಪೇ ಸ್ಕ್ರೀನ್‌ಶಾಟ್ ಇದೆ, ವಾಟ್ಸಾಪಲ್ಲಿ ಅವನು ಬರೆದಿದ್ದೆಲ್ಲ ಇದೆ, ಭಾವನ ವಿಡಿಯೋ ಇದೆ. 1,350ಕ್ಕೆ ಇಷ್ಟೆಲ್ಲ ಯಾಕೆ ಅಂತ ಮನೇಲಿ ಕೇಳ್ತಿದಾರೆ, ಹೇಳಿದ್ರೆ ಅವ್ರಿಗೆ ಅರ್ಥ ಆಗಲ್ಲ. ಪೆಡಲ್ ಎಸೆದಿಲ್ಲ. ಆ ಮೂರು ಸ್ಕ್ರೂ, ಸ್ಪ್ರಿಂಗ್, ಸ್ಟಿಕರ್ ಎಲ್ಲ ಒಂದು ಪೊಟ್ಟಣ ಕಟ್ಟಿ ಅದರ ಜೊತೇಲೇ ಇಟ್ಟಿದೀನಿ.