ದಸರಾ ರಜೆಗೆ ಅಂಡಮಾನ್‌ಗೆ ಹೊರಟಿದ್ದೀರಾ? ಫೋಟೋ ನೋಡಿ ರೂಮ್ ಹಿಡಿಯಬೇಡಿ

ಮಂಡ್ಯದಲ್ಲಿ ನಮ್ಮ ಮನೆ ವಿ.ಸಿ. ನಾಲೆ ಪಕ್ಕದಲ್ಲೇ. ಹಿಂದೆ ಗದ್ದೆ, ಆಚೆ ಕಬ್ಬು. ಸಂಜೆ ಆರಕ್ಕೆ ಬಾಗಿಲು ಮುಚ್ಚಿ ಸೊಳ್ಳೆ ಬತ್ತಿ ಹಚ್ಚುವುದು ಚಿಕ್ಕಂದಿನಿಂದ ರೂಢಿ. ಹಾಗಾಗಿ ಹೊರಡುವ ದಿನ ಹೆಂಡತಿ "ರೀ, ಸೊಳ್ಳೆಗೆ ಏನಾದ್ರೂ ತಗೊಳ್ಳೋಣ್ವಾ?" ಅಂದಾಗ ನಕ್ಕುಬಿಟ್ಟೆ. ನಾಲೆ ಏರಿ ಮೇಲೆ ಬೆಳೆದವನಿಗೆ ಸೊಳ್ಳೆ ಪಾಠವಾ ಅಂತ.

ಮಗಳಿಗೆ ದಸರಾ ರಜೆ ಅಂತ ಅಕ್ಟೋಬರ್‌ನಲ್ಲಿ ಹೋದೆವು. ಅಲ್ಲೇ ಎಡವಿದ್ದು. ಅಂಡಮಾನ್‌ಗೆ ಮುಂಗಾರೂ ಉಂಟು, ಹಿಂಗಾರೂ ಉಂಟು. ಮೇ ತಿಂಗಳಲ್ಲಿ ಹಿಡಿದ ಮಳೆ ಡಿಸೆಂಬರ್ ತನಕ ಬಿಟ್ಟು ಬಿಟ್ಟು ಸುರಿಯುತ್ತದೆ. ಒಣಗಿರುವುದು ಜನವರಿಯಿಂದ ಏಪ್ರಿಲ್.

ಹ್ಯಾವ್‌ಲಾಕ್‌ನಲ್ಲಿ, ಈಗಿನ ಹೆಸರು ಸ್ವರಾಜ್ ದ್ವೀಪ, ಅಗ್ಗಕ್ಕೆ ಸಿಕ್ಕಿತು ಅಂತ 'ಗಾರ್ಡನ್ ವ್ಯೂ' ಕಾಟೇಜ್ ಹಿಡಿದಿದ್ದೆ. ತೋಟದ ಒಳಗೆ, ಒಂದು ಎಲೆ ಅಲ್ಲಾಡದ ಜಾಗ. ಎರಡನೇ ದಿನ ಬೆಳಿಗ್ಗೆ ಮಗಳು "ಅಪ್ಪ, ಇಲ್ಲಿ ಬಾ" ಅಂತ ಕರೆದಳು. ಯಾರೋ ಕುಡಿದು ಬಿಸಾಕಿದ ಎಳನೀರು ಬುರುಡೆ, ಒಳಗೆ ಎರಡು ಬೆರಳು ಮಳೆನೀರು. ಅದರಲ್ಲಿ ದಾರದ ಚೂರಿನಂಥ ಮರಿಹುಳುಗಳು ನೇತಾಡುತ್ತಿದ್ದವು. ನಾನು ಬಗ್ಗಿದ್ದೇ ತಡ, ನೆರಳು ಬಿದ್ದು ಬಳುಕುತ್ತಾ ತಳಕ್ಕೆ ಇಳಿದವು. ಅಂಥ ಬುರುಡೆ ಕಾಟೇಜ್ ಸುತ್ತ ಇಪ್ಪತ್ತಾದರೂ ಇದ್ದವು. ಮ್ಯಾನೇಜರ್, ಮಳೆಗಾಲದಲ್ಲಿ ಇದೆಲ್ಲ ಇದ್ದಿದ್ದೇ ಅಂತ ಹಿಂದಿಯಲ್ಲಿ ಹೇಳಿ ಒಂದು ಕಾಯಿಲ್ ಕೈಗಿಟ್ಟ.

ನಮ್ಮ ಗದ್ದೆ ಸೊಳ್ಳೆ ಬರುವುದು ಕತ್ತಲಾದ ಮೇಲೆ. ಇದು ಕಾಲಿಗೆ ಬಿಳಿ ಪಟ್ಟೆ ಇರುವ ಈಡಿಸ್, ಹಗಲಲ್ಲೇ ಕಚ್ಚುತ್ತದೆ. ಸಂಜೆ ಬಾಗಿಲು ಮುಚ್ಚಿ ಜಾಣನಾದ ನಾನು, ಬೆಳಿಗ್ಗೆ ಚಡ್ಡಿಯಲ್ಲಿ ಜಗಲಿ ಮೇಲೆ ಕೂತು ಆರಾಮಾಗಿ ಕಾಫಿ ಕುಡಿಯುತ್ತಿದ್ದೆ.

ಊರಿಗೆ ಬಂದ ನಾಲ್ಕನೇ ದಿನ ಜ್ವರ. ಕಣ್ಣುಗುಡ್ಡೆ ಹಿಂದೆ ನೋವು, ಮೈಯನ್ನು ಗಾಣಕ್ಕೆ ಕೊಟ್ಟ ಹಾಗೆ. ಮನೆಯಲ್ಲಿದ್ದ ಐಬುಪ್ರೊಫೆನ್ ನುಂಗಿದೆ. ಮೈಸೂರಲ್ಲಿ ಡಾಕ್ಟರ್ ಚೆನ್ನಾಗಿ ಬೈದರು. ಡೆಂಗಿ ಇದ್ದರೆ ಅದೂ, ಆಸ್ಪಿರಿನ್ನೂ ರಕ್ತಸ್ರಾವ ಜಾಸ್ತಿ ಮಾಡಬಹುದಂತೆ, ಪ್ಯಾರಾಸಿಟಮಾಲ್ ಒಂದೇ ಸರಿ. ಡೆಂಗಿಯೇ ಆಗಿತ್ತು. ಐದು ದಿನ ಅಡ್ಮಿಟ್, ದಿನಾ ಪ್ಲೇಟ್‌ಲೆಟ್ ಲೆಕ್ಕ. ಬಿಲ್ಲು ಪ್ರವಾಸದ ಖರ್ಚನ್ನೂ ಮೀರಿತು.

ಈಗ ನಮ್ಮ ಬಾವ ಮಾಲ್ಡೀವ್ಸ್‌ಗೆ ಹೊರಟಿದ್ದಾರೆ. ಅಲ್ಲಿ ಮಲೇರಿಯಾ ಇಲ್ಲವಲ್ಲ ಅನ್ನುತ್ತಾರೆ. ನಿಜ, 2015ರಲ್ಲೇ ವಿಶ್ವ ಆರೋಗ್ಯ ಸಂಸ್ಥೆ ಸರ್ಟಿಫಿಕೇಟ್ ಕೊಟ್ಟಿದೆ. ಆದರೆ ಡೆಂಗಿ ಇದೆ ಅಲ್ವಾ? ಉಪ್ಪುನೀರಿನ ಹತ್ತಿರ ಸೊಳ್ಳೆ ಇರಲ್ಲ ಅನ್ನೋದೂ ಸುಮ್ನೆ ಮಾತು. ಅಂಡಮಾನ್ ನಿಕೋಬಾರ್ ಕಡೆ ಮಲೇರಿಯಾ ಹರಡುವ ಸೊಳ್ಳೆ ಹುಟ್ಟುವುದೇ ಉಪ್ಪು ಬೆರೆತ ನಿಂತ ನೀರಲ್ಲಿ.

ದುಡ್ಡು ಕಟ್ಟುವ ಮುಂಚೆ ಫೋನ್ ಮಾಡಿ ಕೇಳಿ ಅಂದೆ. ಸಮುದ್ರದ ಗಾಳಿ ನೇರ ರೂಮಿಗೆ ಬರುತ್ತಾ? ಕಿಟಕಿಗೆ ಜಾಲರಿ ಇದೆಯಾ? ಮಂಚಕ್ಕೆ ಪರದೆ? ಫ್ಯಾನ್? ಜೋರು ಗಾಳಿಗೆ ಎದುರು ಹಾರುವ ತಾಕತ್ತು ಸೊಳ್ಳೆಗಿಲ್ಲ, ಅದಕ್ಕೇ ಗಾಳಿ ವಿಚಾರ ಮೊದಲು. ಸೊಳ್ಳೆ ಹತ್ತಿರ ಬಾರದಂತೆ ಮೈಗೆ ಹಚ್ಚುವ, ಡೀಟ್ ಅನ್ನೋ ರಾಸಾಯನಿಕ ಇರುವ ಕ್ರೀಮು ಇಲ್ಲಿಂದಲೇ ಒಯ್ಯಿರಿ. ಸನ್‌ಸ್ಕ್ರೀನ್ ಹಚ್ಚಿದ ಮೇಲೆ ಅದು, ನೀರಿಗೆ ಇಳಿದು ಬಂದರೆ ಮತ್ತೊಮ್ಮೆ.

ಬಾವ ಎಲ್ಲಾ ಕೇಳಿಸಿಕೊಂಡು, "ಅಲ್ಲ ಕಣೋ, ಒಳಗಡೆ ರೂಮು ಎರಡು ಸಾವಿರ ಕಡಿಮೆ ಇದೆಯಲ್ಲೋ" ಅಂದರು. ಆಸ್ಪತ್ರೆ ಬಿಲ್ಲಿನ ಫೋಟೋ ವಾಟ್ಸಾಪ್ ಮಾಡಿದ್ದೇನೆ.